ಊಟಕ್ಕೆ ಹಾಸಿದ ಉತ್ತರ ಧ್ರುವ

ನಾನು ಕೆಲಸ ಮಾಡುವ ಕುವೈತಿನ ಎಗೈಲಾದ ಅಂಗಡಿಯಲ್ಲಿ, ಸಾಬೂನಿನ ಸಾಲು ಮುಗಿದು ಕಾಗದದ ತಟ್ಟೆ ಲೋಟಗಳು ಶುರುವಾಗುವ ಕಡೆ, ಸುಫ್ರಾದ ಸುರುಳಿಗಳಿವೆ. ನೆಲಕ್ಕೆ ಹಾಸಿ ಸುತ್ತ ಕೂತು ಉಣ್ಣುವ ಪ್ಲಾಸ್ಟಿಕ್ ಹಾಳೆಗೆ ಇಲ್ಲಿ ಸುಫ್ರಾ ಎನ್ನುತ್ತಾರೆ. ಬೇಕಾದಷ್ಟು ಹರಿದು ಹಾಸಿ, ಊಟವಾದ ಮೇಲೆ ಮೂಳೆ, ಮುಳ್ಳು, ಅನ್ನದ ಅಗುಳು ಎಲ್ಲ ಸೇರಿಸಿ ಮುದ್ದೆ ಮಾಡಿ ಎಸೆದರಾಯಿತು. ಸುರುಳಿಗಳು ಖಾಲಿಯಾದಂತೆ ಹೊಸದನ್ನು ಜೋಡಿಸುವುದು ನನ್ನ ಕೆಲಸಗಳಲ್ಲಿ ಒಂದು. ಹೋದ ವಾರ ಒಂದು ಸುರುಳಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಿದ್ದೆನಂತೆ. ಮೇಲ್ವಿಚಾರಕ ಎರಡು ಸಲ ಯಲ್ಲಾ, ಬೇಗ ಎಂದು ಅವಸರಿಸಿದ್ದೂ ಕೇಳಿಸಲಿಲ್ಲ.

ಅವನಿಗೆ ಏನೆಂದು ಹೇಳುವುದು? ನಮ್ಮ ರೂಮಿನ ಸುಫ್ರಾ ಎಸೆಯುವಂಥದ್ದಾಗಿರಲಿಲ್ಲ, ಅದರ ಮೇಲೆ ಇಡೀ ಉತ್ತರ ಧ್ರುವವಿತ್ತು, ಅದನ್ನು ತಂದ ಅದ್ದುಚ್ಚ ಈಗ ಇಲ್ಲ, ಅದನ್ನು ಅವರ ಮಗಳಿಗೆ ಕೊಡಬೇಕೋ ಬೇಡವೋ ಎಂದು ನಾನು ಎರಡು ತಿಂಗಳು ಒದ್ದಾಡಿದ್ದೆ. ಇಷ್ಟನ್ನು ಹೇಳುವಷ್ಟು ಅರಬಿ ಇಷ್ಟು ವರ್ಷವಾದರೂ ನನಗೆ ಬಂದಿಲ್ಲ. ಕನ್ನಡದಲ್ಲಿ ಬರೆಯಬಹುದೇನೋ ಅನ್ನಿಸಿತು.

ಅದ್ದುಚ್ಚ ಬಂಟ್ವಾಳ ಕಡೆಯ ಬ್ಯಾರಿ. ಅಹ್ಮದಿಯ ಒಂದು ಆಫೀಸಿನಲ್ಲಿ ಚಾ ಕೊಡುವ, ಫೈಲು ಸಾಗಿಸುವ ಕೆಲಸ. ನಾನು ಶಿರ್ವದಿಂದ ಬಂದವನು, ಹತ್ತನೇ ತರಗತಿ ಓದಿದವನು. ನಾನು ಬಂದಾಗ ಕುವೈತಿನ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಫಹಾಹೀಲಿನ ಒಂದು ರೂಮಿನಲ್ಲಿ ನಾನು, ಅದ್ದುಚ್ಚ, ಗದಗದ ಡ್ರೈವರ್ ಬಸಣ್ಣ. ನಾಲ್ಕನೆಯ ಮಂಚದವರು ಬದಲಾಗುತ್ತಿದ್ದರು. ಬಸಣ್ಣನಿಗೆ ತುಳು ಬಾರದ್ದರಿಂದ ರೂಮಿನ ಭಾಷೆ ಕನ್ನಡವಾಯಿತು. ಹಾಗೆ ನೋಡಿದರೆ ನನ್ನ ಕನ್ನಡ ಸುಧಾರಿಸಿದ್ದು ಊರಿನಲ್ಲಿ ಅಲ್ಲ, ಕುವೈತಿನಲ್ಲಿ.

ನಾನು ಬರುವುದಕ್ಕೆ ಸ್ವಲ್ಪ ಮುಂಚೆ ಅದ್ದುಚ್ಚನ ಆಫೀಸಿನ ಮುದುಕ ಇಂಗ್ಲಿಷ್ ಇಂಜಿನಿಯರರೊಬ್ಬರು ನಿವೃತ್ತರಾಗಿ ಊರಿಗೆ ಹೊರಟಿದ್ದರು. ಅವರ ಕಂಪನಿ ಮನೆ ಖಾಲಿ ಮಾಡಲು ಅದ್ದುಚ್ಚ ಮೂರು ಶುಕ್ರವಾರ ಹೋದರು. ಆ ಮನುಷ್ಯ ಹರೆಯದಲ್ಲಿ ಉತ್ತರದ ಹಿಮದ ಕಡಲಲ್ಲಿ ಹಡಗಿನ ಕೆಲಸ ಮಾಡಿದ್ದರಂತೆ. ಪೆಟ್ಟಿಗೆ ಕಟ್ಟುತ್ತ ಕಟ್ಟುತ್ತ ಅಲ್ಲಿಯ ಕತೆ ಹೇಳಿದರು. ಅದ್ದುಚ್ಚನಿಗೆ ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ತಾವೇ ತುಂಬಿಸಿಕೊಂಡರು. ಕೊನೆಗೆ ಬೇಕಾದ್ದು ತೆಗೆದುಕೋ ಎಂದಾಗ ಜೊತೆಗೆ ಬಂದವರು ಫ್ಯಾನು, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. ಅದ್ದುಚ್ಚ ಗೋಡೆಯಲ್ಲಿದ್ದ, ಪ್ಲಾಸ್ಟಿಕ್ ಹೊದಿಸಿದ ದೊಡ್ಡ ನಕ್ಷೆಯನ್ನು ಸುತ್ತಿಕೊಂಡು ಬಂದರು.

“ಮಂದಿ ಫ್ಯಾನ್ ತಂದಾರ, ನಮ್ಮ ಅದ್ದುಚ್ಚ ಬರೇ ಮಂಜುಗಡ್ಡಿ ತಂದಾರ ನೋಡ್ರಿ” ಎಂದು ಬಸಣ್ಣ ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದ.

ಗೋಡೆಗೆ ಹಾಕೋಣವೆಂದರೆ ನಮ್ಮ ರೂಮಿನ ಗೋಡೆಯೆಲ್ಲ ಅಂಗಿ ಪ್ಯಾಂಟುಗಳದ್ದು. ಹಾಗಾಗಿ ಅದು ನೆಲಕ್ಕೆ ಬಂತು. ಒರೆಸಿದರೆ ಸ್ವಚ್ಛವಾಗುತ್ತದೆ, ದಿನಾ ಪೇಪರು ಹುಡುಕುವ ರಗಳೆ ಇಲ್ಲ. ಅದು ಸಾಮಾನ್ಯ ನಕ್ಷೆಯಂತಿರಲಿಲ್ಲ. ಧ್ರುವ ನಟ್ಟನಡುವೆ, ಸುತ್ತ ಹಿಮದ ಕಡಲು, ಅದರ ಸುತ್ತ ದೇಶಗಳು. ಸುತ್ತ ಕೂತು ಉಣ್ಣುವವರಿಗೆಂದೇ ಮಾಡಿಸಿದ ಹಾಗಿತ್ತು. ಅನ್ನದ ಪಾತ್ರೆ ಸರಿಯಾಗಿ ಉತ್ತರ ಧ್ರುವದ ಮೇಲೆ ಕೂರುತ್ತಿತ್ತು. ಬಸಣ್ಣ ಮೀನು ಮುಟ್ಟದವನು. ಗ್ರೀನ್‌ಲ್ಯಾಂಡನ್ನು ಪೂರ್ತಿ ತನ್ನ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಹಿಡಿದಿಟ್ಟುಕೊಂಡಿದ್ದ. ನಮ್ಮ ಸಾರಿನ ಸೌಟು ಆ ಕಡೆ ವಾಲಿದರೆ ಅವನ ಹುಬ್ಬು ಏರುತ್ತಿತ್ತು. ನನ್ನದು ಅಲಾಸ್ಕಾ. ಅದ್ದುಚ್ಚನ ತಟ್ಟೆ ಯಾವಾಗಲೂ ಒಂದೇ ಕಡೆ: ರಷ್ಯದ ಮೇಲ್ಗಡೆ, ಬಾಗಿದ ಬಾಳೆಕಾಯಿಯಂಥ ಒಂದು ಉದ್ದನೆಯ ದ್ವೀಪದ ಪಕ್ಕ.

ಆ ದ್ವೀಪಕ್ಕೆ ನೊವಾಯ ಝೆಮ್ಲ್ಯಾ ಎಂದು ಹೆಸರು, ಹೊಸ ನೆಲ ಎಂದು ಅರ್ಥ. ಹೆಚ್ಚಿನ ಭಾಗ ಹಿಮದ ಹಾಸು, ಉಳಿದದ್ದು ಬೋಳು ಕಲ್ಲು. ಒಂದು ಮರವಿಲ್ಲ. ಅದರ ಉತ್ತರದ ತುದಿಯ ಭೂಶಿರಕ್ಕೆ ಝೆಲಾನಿಯಾ ಎನ್ನುತ್ತಾರೆ. ಆ ಮಾತಿಗೆ ಆಸೆ ಎಂದು ಅರ್ಥವಂತೆ. ಆಸೆಯ ಭೂಶಿರ. ಪಶ್ಚಿಮದ ಕಡಲಿಗೆ ಎಲ್ಲಿಂದಲೋ ಬೆಚ್ಚಗಿನ ನೀರಿನ ಪ್ರವಾಹದ ಬಾಲ ತಾಗುವುದರಿಂದ ಅಲ್ಲಿ ಹಡಗು ಆಡುತ್ತದೆ. ಪೂರ್ವದ ಕಾರಾ ಸಮುದ್ರ ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಎರಡೂ ಈ ಮೂಗಿನ ತುದಿಯಲ್ಲಿ ಸೇರುತ್ತವೆ. ಚಳಿಗಾಲದಲ್ಲಿ ಸುಮಾರು ಮೂರು ತಿಂಗಳು ಸೂರ್ಯನ ಮುಖವಿಲ್ಲ. ಒಂದಷ್ಟು ಕಾಲ ಹವಾಮಾನ ನೋಡುವ ನಾಲ್ಕಾರು ಮಂದಿ ಅಲ್ಲಿದ್ದರಂತೆ, ಆಮೇಲೆ ಅವರೂ ಬಿಟ್ಟು ಹೋದರಂತೆ. ಕರಡಿಗಳು ಇವೆ.

ಇಷ್ಟೆಲ್ಲ ಹೇಳುವ ನನ್ನ ಭೂಗೋಳ ಎಂಥದ್ದೆಂದು ನಿಮಗೆ ತಿಳಿದಿರಲಿ. ಐದನೇ ತರಗತಿಯಲ್ಲಿ ಮಾಸ್ತರರು ನಕ್ಷೆ ನೇತುಹಾಕಿ, ಕೈಗೆ ಕೋಲು ಕೊಟ್ಟು, ಅರಬ್ಬೀ ಸಮುದ್ರ ತೋರಿಸು ಎಂದರು. ನಾನು ನಕ್ಷೆಯ ಕಡೆ ನೋಡದೆ ಕೋಲನ್ನು ಪಶ್ಚಿಮದ ಕಿಟಕಿಯ ಹೊರಗೆ ಚಾಚಿದೆ. ಭಾನುವಾರ ಅಪ್ಪನ ಜೊತೆ ಮೀನು ತರಲು ಹೋಗುತ್ತಿದ್ದ ಕಡಲು ಆ ಕಡೆಗೇ ಇತ್ತಲ್ಲ. ಮಾಸ್ತರರಿಗೆ ಹೊಡೆಯಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ. ಕೋಲು ತೆಗೆದುಕೊಂಡು ಕೂರಿಸಿದರು. ಅಲ್ಲಿಗೆ ನಿಂತಿದ್ದ ನನ್ನ ಭೂಗೋಳ ಮತ್ತೆ ಶುರುವಾದದ್ದು ಅದ್ದುಚ್ಚನ ಊಟದಲ್ಲಿ.

ಅವರು ಹೇಳುತ್ತಿದ್ದ ಕತೆ ಇದು. ಸುಮಾರು ನಾನೂರು ವರ್ಷದ ಹಿಂದೆ ಡಚ್ಚರ ಒಂದು ಹಡಗು ಚೀನಕ್ಕೂ ನಮ್ಮ ಕಡೆಯ ಮಸಾಲೆ ನಾಡುಗಳಿಗೂ ಉತ್ತರದಿಂದ ಒಂದು ಅಡ್ಡದಾರಿ ಹುಡುಕಿಕೊಂಡು ಹೊರಟಿತು. ಹದಿನೇಳು ಮಂದಿ. ದ್ವೀಪದ ತುದಿ ಸುತ್ತಿ ಬಂದಾಗ ಎದುರಿಗೆ ತೆರೆದ ನೀರು ಕಂಡಿತು, ದಾರಿ ಸಿಕ್ಕಿತೆಂದು ಆಸೆಪಟ್ಟರು. ಭೂಶಿರಕ್ಕೆ ಆ ಹೆಸರು ಬಂದದ್ದು ಹಾಗೆ ಎಂದು ಕೆಲವರ ಮಾತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಮ ಬಂದು ಹಡಗನ್ನು ಹಿಡಿದುಬಿಟ್ಟಿತು.

ಇಲ್ಲಿಗೆ ಬಂದಾಗ ಅದ್ದುಚ್ಚ ಉಣ್ಣುವುದನ್ನು ನಿಲ್ಲಿಸಿ, “ಪಾಪದವರು ಹೊರಟದ್ದು ನಮ್ಮ ಒಳ್ಳೆಮೆಣಸಿಗೆ ಮಾರಾಯ. ನಾವೀಗ ಅದೇ ಮೆಣಸು ಹಾಕಿದ ಸಾರನ್ನು ಅವರ ತಲೆ ಮೇಲೆ ಇಟ್ಟು ಉಣ್ಣುವುದು” ಎನ್ನುತ್ತಿದ್ದರು.

ಮರವಿಲ್ಲದ ನಾಡಿನಲ್ಲಿ ಅವರು ಕಡಲು ತಂದು ಹಾಕಿದ ದಿಮ್ಮಿಗಳಿಂದ ಮನೆ ಕಟ್ಟಿದರು. ಒಂದೇ ಕೋಣೆ, ನಡುವೆ ಬೆಂಕಿ, ಗೋಡೆಗುಂಟ ಮಲಗುವ ಹಲಗೆಗಳು. ಗಡಿಯಾರ ಚಳಿಗೆ ನಿಂತುಹೋಗಿ ಮರಳಿನ ಗಡಿಯಾರದಲ್ಲಿ ಹೊತ್ತು ನೋಡಿದರು. ಒಂದು ಪೀಪಾಯಿಯಲ್ಲಿ ಬಿಸಿನೀರು ಹಾಕಿ ಒಬ್ಬೊಬ್ಬರಾಗಿ ಮಿಂದರು. ಇದನ್ನೆಲ್ಲ ನಾನು ಆಮೇಲೆ ಓದಿ ನೋಡಿದ್ದೇನೆ, ನಿಜ. ಅಡಿಗೆಗೂ ಪಾತ್ರೆ ತೊಳೆಯುವುದಕ್ಕೂ ಅವರು ಗೋಡೆಯಲ್ಲಿ ಸರದಿ ಪಟ್ಟಿ ಅಂಟಿಸಿದ್ದರು, ಪಾತ್ರೆ ತೊಳೆಯದೆ ಮಲಗಿದವನನ್ನು ಕರಡಿ ಹಿಡಿಯಿತು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅದನ್ನು ಅದ್ದುಚ್ಚ ನನಗೋಸ್ಕರ ಸೇರಿಸಿದ್ದು.

ಇನ್ನೊಂದು ಸಂಗತಿ ನನಗೆ ಸುಳ್ಳೆಂದೇ ಅನ್ನಿಸಿತ್ತು, ಅದು ನಿಜವಾಗಿತ್ತು. ಲೆಕ್ಕದ ಪ್ರಕಾರ ಸೂರ್ಯ ಬರಬೇಕಾದ ದಿನಕ್ಕಿಂತ ಎರಡು ವಾರ ಮುಂಚೆಯೇ ಅವರಿಗೆ ಸೂರ್ಯ ಕಂಡನಂತೆ. ಊರಿನಲ್ಲಿ ಯಾರೂ ನಂಬಲಿಲ್ಲ. ತಣ್ಣನೆಯ ಗಾಳಿಯ ಪದರಗಳಲ್ಲಿ ಬೆಳಕು ಬಾಗಿ, ದಿಗಂತದ ಕೆಳಗಿರುವ ಸೂರ್ಯನನ್ನು ಎತ್ತಿ ತೋರಿಸುತ್ತದೆ ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ನಮಗೆ ನಂಬಲು ಅಷ್ಟು ಕಷ್ಟವಿಲ್ಲ. ಜುಲೈಯಲ್ಲಿ ಜಹ್ರಾ ರಸ್ತೆಯಲ್ಲಿ ಹೋಗಿ ನೋಡಿ, ಎದುರಿಗೆ ಕೆರೆ ಇರುತ್ತದೆ, ಅದರಲ್ಲಿ ಲಾರಿಗಳು ತೇಲುತ್ತಿರುತ್ತವೆ. ರಜೆ ಮಂಜೂರಾಯಿತೆಂದು ಎರಡು ವಾರ ಮುಂಚೆ ಆಫೀಸಿನಲ್ಲಿ ಹೇಳುತ್ತಾರಲ್ಲ, ಅದೂ ಇದೇ ಬಗೆಯ ಸೂರ್ಯ ಎಂದು ಅದ್ದುಚ್ಚನ ವಿವರಣೆ.

ಬೇಸಿಗೆಯಲ್ಲಿ ಅವರು ಹಡಗು ಬಿಟ್ಟು ಎರಡು ತೆರೆದ ದೋಣಿಗಳಲ್ಲಿ ಹೊರಟರು. ದಾರಿ ತೋರಿಸುವ ನಾವಿಕನಿಗೆ ಕಾಯಿಲೆ ಬಲಿತಿತ್ತು. ದ್ವೀಪದ ತುದಿ ದಾಟುವಾಗ ತನ್ನನ್ನು ಎತ್ತಿ ಹಿಡಿಯಿರಿ, ಇನ್ನೊಮ್ಮೆ ನೋಡುತ್ತೇನೆ ಎಂದನಂತೆ. ಕೆಲವು ದಿನಗಳಲ್ಲಿ ತೀರಿಕೊಂಡ. ಹನ್ನೆರಡು ಮಂದಿ ಊರು ಮುಟ್ಟಿದರು. ಅವನ ಗೋರಿ ಇವತ್ತಿಗೂ ಸಿಕ್ಕಿಲ್ಲ. ಆ ಮನೆ ಮಾತ್ರ ಸುಮಾರು ಮುನ್ನೂರು ವರ್ಷದ ಮೇಲೆ ಯಾರಿಗೋ ಸಿಕ್ಕಿತು, ಪಾತ್ರೆ, ಗಡಿಯಾರ ಎಲ್ಲ ಒಳಗಿದ್ದವು. ಈ ಭಾಗ ಹೇಳುವಾಗ ಅದ್ದುಚ್ಚ ಏನನ್ನೂ ಸೇರಿಸುತ್ತಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ನಾನು ರೂಮಿಗೆ ಬಂದ ಮೊದಲ ಶುಕ್ರವಾರ. ಶುಕ್ರವಾರದ ಬಂಗುಡೆ ಸಾರು ಅದ್ದುಚ್ಚನದ್ದು, ಬೇರೆ ಯಾರೂ ಕೈ ಹಾಕುವಂತಿಲ್ಲ. ಬಡಿಸುವುದು ಹೊಸಬನ ಕೆಲಸ. ಅಡಿಗೆಮನೆಯಿಂದ ಪಾತ್ರೆ ತರುವಾಗ ನನ್ನ ಕೈ ಸುಟ್ಟು, ಪಾತ್ರೆ ವಾಲಿ, ಒಂದು ಸೌಟಿನಷ್ಟು ಸಾರು ಭೂಶಿರದಿಂದ ಎರಡು ಬೆರಳು ಆಚೆ ಬಿತ್ತು. ಹಳೆಯದಾಗಿ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದ ಜಾಗ ಅದು. ಒರೆಸುವುದರೊಳಗೆ ಎಣ್ಣೆ, ಅರಶಿನ ಒಳಗಿಳಿದು ಕಾಗದಕ್ಕೆ ಹಿಡಿದಾಗಿತ್ತು. ಬಸಣ್ಣನ ರೊಟ್ಟಿಗೂ ಎರಡು ಹನಿ ಹಾರಿತ್ತು. ಅವನು ಬಾಯಿ ತೆರೆದ. ನಾನು ಅಳುವ ಹಾಗಾಗಿದ್ದೆ. ಊರು ಬಿಟ್ಟು ಒಂಬತ್ತು ದಿನವಾಗಿತ್ತು.

ಅದ್ದುಚ್ಚ ಬಗ್ಗಿ ಆ ಕಲೆಯನ್ನು ಗಮನವಿಟ್ಟು ನೋಡಿದರು. “ಬಸಣ್ಣ, ಸುಮ್ಮನಿರು. ಹುಡುಗ ಬಂದ ವಾರದಲ್ಲೇ ಒಂದು ದ್ವೀಪ ಕಂಡುಹಿಡಿದಿದ್ದಾನೆ. ಇಂಗ್ಲಿಷಿನವರಿಗೆ ಸಹ ಸಿಕ್ಕಿರಲಿಲ್ಲ.”

ಬಸಣ್ಣ ನಕ್ಕುಬಿಟ್ಟ, ನಾನು ಬಚಾವಾದೆ. ಹೊಸ ದ್ವೀಪಕ್ಕೆ ಹೆಸರು ಬೇಕಲ್ಲ. ಊರಿನಲ್ಲಿ ಅವರಿಗೆ ನಾಲ್ಕು ವರ್ಷದ ಮಗಳಿದ್ದಳು, ನಫೀಸಾ. ಅದು ನಫೀಸಾ ದ್ವೀಪವಾಯಿತು.

ಅಲ್ಲಿಗೇ ಮುಗಿಯುತ್ತಿತ್ತು, ಕ್ಯಾಸೆಟ್ ಇಲ್ಲದಿದ್ದರೆ. ಆಗ ಫೋನೆಂದರೆ ಬೂತಿನ ಮುಂದೆ ಸಾಲು. ಹಾಗಾಗಿ ಎಲ್ಲರೂ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಅದ್ದುಚ್ಚನ ಕ್ಯಾಸೆಟ್ಟಿನ ಒಂದು ಬದಿ ಹೆಂಡತಿಗೆ. ಆಗ ನಾವೆಲ್ಲ ಹೊರಗೆ ಮೆಟ್ಟಿಲ ಮೇಲೆ. ಇನ್ನೊಂದು ಬದಿ ಮಗಳಿಗೆ. ಆಗ ನಾವು ಒಳಗಿದ್ದು ಕೇಳಬಹುದಿತ್ತು. ಆ ಬದಿಯಲ್ಲಿ ಅದ್ದುಚ್ಚ ಭೂಶಿರದ ಕತೆ ಹೇಳುತ್ತಿದ್ದರು. ಹದಿನೇಳು ಮಂದಿ, ಕರಡಿ, ಮುಂಚೆ ಬಂದ ಸೂರ್ಯ, ಕೊನೆಗೆ ಯಾವಾಗಲೂ ಭೂಶಿರದ ಆಚೆ ಹಳದಿ ಬಣ್ಣದ ನಿನ್ನ ದ್ವೀಪ ಉಂಟು ಮಗಾ, ಅಲ್ಲಿ ಚಳಿ ಇಲ್ಲ ಎಂದು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರಿಗೆ ಹೋಗುವ ಅಪ್ಪ. ಆ ಮಗುವಿಗೆ ಅವರಿಂದ ಸಿಕ್ಕಿದ್ದೆಂದರೆ ಗೊಂಬೆ, ಪೆನ್ಸಿಲ್ ಪೆಟ್ಟಿಗೆ ಮತ್ತು ಈ ದ್ವೀಪ.

ವರ್ಷಗಳು ಹೋದವು. ಬಸಣ್ಣ ಗದಗಿಗೆ ಮರಳಿದ. ಮೊಬೈಲಿನಲ್ಲಿ ಇಡೀ ಭೂಮಿಯ ಚಿತ್ರ ಬರುವ ಕಾಲ ಬಂತು. ನಾನು ಮೊದಲು ಹುಡುಕಿದ್ದು ಶಿರ್ವದ ನಮ್ಮ ಮನೆಯ ಹಂಚು, ಎರಡನೆಯದು ಆಸೆಯ ಭೂಶಿರ. ಭೂಶಿರ ಇತ್ತು. ಅದರ ಆಚೆ ನೀಲಿ ಬಿಟ್ಟರೆ ಏನಿಲ್ಲ. ನಂಬಿ, ನನಗೆ ಬೇಸರವಾಯಿತು. ಚೆಲ್ಲಿದವನೇ ನಾನು, ಆದರೂ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಒಂದು ಬೆಳಿಗ್ಗೆ ಆಫೀಸಿಗೆ ಹೊರಟ ಅದ್ದುಚ್ಚ ಮೆಟ್ಟಿಲಿನಲ್ಲಿ ಕೂತರು, ಮತ್ತೆ ಏಳಲಿಲ್ಲ. ಸುಲೈಬಿಖಾತ್‌ನಲ್ಲಿ ಮಣ್ಣು ಮಾಡಿದರು. ಹದಿನೇಳು ವರ್ಷ ಒಂದೇ ರೂಮಿನಲ್ಲಿದ್ದೆವು. ಅಷ್ಟು ದಿನ ನನ್ನ ಸ್ವಂತ ಅಣ್ಣನ ಜೊತೆಗೂ ನಾನು ಇದ್ದದ್ದಿಲ್ಲ. ಆಮೇಲೆ ಒಬ್ಬನೇ ನಿಂತುಕೊಂಡು ಉಣ್ಣುವುದು ಅಭ್ಯಾಸವಾಯಿತು. ನಕ್ಷೆಯನ್ನು ಸುತ್ತಿ ಮಂಚದ ಕೆಳಗೆ ಇಟ್ಟೆ.

ನಫೀಸಾಳ ಮದುವೆ ಅದಕ್ಕೆ ಆರು ತಿಂಗಳ ಮುಂಚೆ ಆಗಿತ್ತು. ಹುಡುಗ ಅಹ್ಮದಿಯಲ್ಲಿ ಟೆಕ್ನಿಶಿಯನ್, ಕಂಪನಿ ಮನೆ ಸಿಕ್ಕಿತ್ತು. ಮಗಳು ಹತ್ತಿರವೇ ಬರುತ್ತಾಳೆ ಎಂದು ಅದ್ದುಚ್ಚ ದಿನ ಎಣಿಸುತ್ತಿದ್ದರು. ಅವಳ ವೀಸಾ ಕೈಗೆ ಬರುವಾಗ ಅವರು ತೀರಿಹೋಗಿ ಮೂರು ವಾರ. ಅವಳು ಬಂದು ನೆಲೆಯಾದ ಮೇಲೆ ಒಂದು ದಿನ ನನಗೆ ಫೋನು ಮಾಡಿದಳು. ಬಾಪನ ಬಟ್ಟೆಬರೆ ಊರಿಗೆ ಹೋಯಿತು ಸಿರಿಲ್ ಅಂಕಲ್, ಆ ಮ್ಯಾಪ್ ಮಾತ್ರ ಬರಲಿಲ್ಲ, ನನ್ನ ದ್ವೀಪ ಇರುವಂಥದ್ದು, ಅದು ನಿಮ್ಮಲ್ಲಿ ಉಂಟಾ ಎಂದು ಕೇಳಿದಳು.

ಉಂಟು ಎಂದೆ. ತರುತ್ತೇನೆ ಎಂದೆ. ತರಲಿಲ್ಲ.

ನಕ್ಷೆ ಬಿಡಿಸಿ ನೋಡಿದರೆ, ಅದು ಸಾರಿನ ಕಲೆ ಎಂದು ಯಾರಿಗೂ ತಿಳಿಯುತ್ತದೆ. ಅಂಚಿನಲ್ಲಿ ಎಣ್ಣೆಯ ಬಳೆ. ಅಪ್ಪನಿಂದ ಸಿಕ್ಕಿದ್ದು ಅಷ್ಟೇ ಆದವಳ ಕೈಗೆ ಆ ಕಲೆ ಕೊಟ್ಟು, ಇದೇ ಕಣಮ್ಮ ನಿನ್ನ ದ್ವೀಪ ಎನ್ನುವುದು ಹೇಗೆ? ಕಳೆದುಹೋಯಿತು ಎನ್ನಲೂ ಬಾಯಿ ಬರಲಿಲ್ಲ, ಇದೆ ಎಂದಾಗಿತ್ತು. ವಾರ ವಾರ ಕಾರಣ ಹೇಳಿದೆ. ಅಂಗಡಿಯಲ್ಲಿ ಸ್ಟಾಕ್ ಲೆಕ್ಕ, ನೆಗಡಿ, ಮರಳುಗಾಳಿ.

ಒಂದು ದಿನ ಫಹಾಹೀಲಿನ ಟೈಪಿಂಗ್ ಸೆಂಟರಿಗೆ ನಕ್ಷೆ ಹೊತ್ತುಕೊಂಡು ಹೋದೆ. ಇಕಾಮಾದ, ಎಂದರೆ ಇಲ್ಲಿರಲು ಬೇಕಾದ ಪರವಾನಗಿಯ, ಅರ್ಜಿ ತುಂಬಿಸಿ ಕೊಡುವ ಮಲಯಾಳಿ ಅಲ್ಲಿ ಕಂಪ್ಯೂಟರಿನಲ್ಲಿ ಮದುವೆ ಕಾಗದ, ಬೋರ್ಡು ಎಲ್ಲ ಮಾಡುತ್ತಾನೆ. ಇದನ್ನು ನಕಲು ಮಾಡಿ, ಈ ಜಾಗದಲ್ಲಿ ಒಂದು ಚೆನ್ನಾದ ದ್ವೀಪ ಮಾಡಿಕೊಡು, ಹೆಸರೂ ಹಾಕು ಎಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟು ದೊಡ್ಡದು, ಯಾವ ಬಣ್ಣ, ಬೆಟ್ಟ ಬೇಕಾ ಎಂದು ಕೇಳಿದ. ತೆರೆಯ ಮೇಲೆ ಹಸಿರು ದ್ವೀಪವೊಂದು ಬಂತು. ಅಂಚು ನುಣುಪಾಗಿತ್ತು, ನಕ್ಷೆಯ ಉಳಿದ ನೆಲಕ್ಕಿಂತ ನಿಜವಾಗಿ ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ, ಅದ್ದುಚ್ಚ ಬಗ್ಗಿ ನೋಡಿದ್ದು ಇದನ್ನಲ್ಲ ಅನ್ನಿಸಿತು. ಖಲಾಸ್ ಭಾಯಿ, ಬೇಡ ಎಂದೆ. ಅವನು ಸ್ವಲ್ಪ ಮುನಿಸಿಕೊಂಡ. ಬೆಟ್ಟಕ್ಕೆ ಹಿಮ ಹಾಕುತ್ತಿದ್ದ.

ಆ ಹೊತ್ತಿಗೆ ಅದ್ದುಚ್ಚನ ಹೆಂಡತಿ ಸಾರಮ್ಮ, ಗಂಡ ತೀರಿದ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ, ಮಗಳ ಮನೆಗೆ ವಿಸಿಟ್ ವೀಸಾದಲ್ಲಿ ಬಂದರು. ಗಂಡ ಮಲಗಿರುವ ಜಾಗ ನೋಡಬೇಕೆಂದು ಬಂದವರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ಅಹ್ಮದಿಗೆ ಹೋದೆ.

ಸಾರಮ್ಮ ಒಳಬಾಗಿಲ ಪಕ್ಕದ ಕುರ್ಚಿಯಲ್ಲಿ, ತಲೆ ತುಂಬ ಬಟ್ಟೆ ಹೊದ್ದು ಕೂತಿದ್ದರು. ಮಾತು ಕಡಿಮೆ. ಸುಲೈಬಿಖಾತ್‌ಗೆ ಹೋಗಿ ಬಂದಿದ್ದರು. ನಫೀಸಾ ಊಟದ ಮೇಜು ಖಾಲಿ ಮಾಡಿದಳು. ನಾನು ಅಭ್ಯಾಸಬಲದಿಂದ ನಕ್ಷೆಯನ್ನು ನೆಲದ ಮೇಲೆ ಬಿಡಿಸಿದೆ. ಅವಳು ಮೊಣಕಾಲೂರಿ ಕೂತು, ಧ್ರುವದಿಂದ ಬೆರಳು ಎಳೆಯುತ್ತ ಬಂದು, ಬಾಳೆಕಾಯಿಯ ತುದಿಗೆ ಮುಟ್ಟಿ, ಆಚೆ ಹೋಗಿ ನಿಲ್ಲಿಸಿದಳು. ತುಂಬ ಹೊತ್ತು ನೋಡಿದಳು.

“ಇದು ಎಂತ ಅಂಕಲ್?”

ಬರುವ ದಾರಿಯಲ್ಲಿ ಎರಡು ಸುಳ್ಳು ತಯಾರು ಮಾಡಿಕೊಂಡಿದ್ದೆ. ಎರಡೂ ನೆನಪಾಗಲಿಲ್ಲ. “ಬಂಗುಡೆ ಸಾರು ಮಗಾ. ಚೆಲ್ಲಿದ್ದು ನಾನು. ನನಗೆ ಬೈಗುಳ ಬೀಳಬಾರದೆಂದು ನಿನ್ನ ಬಾಪ ದ್ವೀಪ ಅಂದರು.”

ಅವಳು ಕಲೆಯ ಅಂಚಿನ ಸುತ್ತ ಬೆರಳು ಆಡಿಸಿದಳು. ನಾನು ಎದ್ದು ಹೋಗಲೇ ಎಂದು ಯೋಚಿಸುತ್ತಿದ್ದೆ.

“ಸಾರು ಮಾಡಿದ್ದು ಯಾರು?”

“ನಿನ್ನ ಬಾಪ. ಶುಕ್ರವಾರದ ಸಾರು ಅವರದ್ದೇ ಅಲ್ವಾ?”

“ಅವರಿಗೆ ಚಾ ಬಿಸಿ ಮಾಡ್ಲಿಕ್ಕೆ ಸಹ ಗೊತ್ತಿರ್ಲಿಲ್ಲ” ಎಂದರು ಸಾರಮ್ಮ.

ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ರೂಮಿನಲ್ಲಿ ಅಡಿಗೆಯವನಿದ್ದಾನೆ ಎಂದು ಅದ್ದುಚ್ಚ ಊರಿನಲ್ಲಿ ಹೇಳಿದ್ದರಂತೆ. ಮನೆಗೆ ಬಂದರೆ ಕೂತಲ್ಲಿಗೆ ನೀರು ಕೇಳುವವರು, ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ನಾನು ಒಂದು ಸುಳ್ಳು ಮುರಿಯಲು ಬಂದವನು ಎರಡು ಮುರಿದಿದ್ದೆ. ಆದರೆ ನಫೀಸಾ ನಕ್ಷೆ ಬಿಟ್ಟು ನನ್ನ ಹತ್ತಿರ ಬಂದು ಕೂತಿದ್ದಳು. ಹೇಗೆ ಮಾಡುತ್ತಿದ್ದರು? ಮೆಣಸು ಹುರಿಯುತ್ತಿದ್ದರಾ? ಕಾಯಿ? ಮಾಡುವಾಗ ಮಾತಾಡುತ್ತಿದ್ದರಾ? ಕತೆಯ ಅಪ್ಪ ಅವಳಿಗೆ ಗೊತ್ತಿತ್ತು, ಈರುಳ್ಳಿ ಕೊಯ್ಯುವ ಅಪ್ಪನನ್ನು ಅವಳು ನೋಡಿರಲಿಲ್ಲ. ಅಳಿಯ ಆಗಲೇ ಫಹಾಹೀಲಿನ ಮೀನು ಮಾರ್ಕೆಟ್ಟಿಗೆ ಹೊರಟಿದ್ದ.

ಹೀಗೆ ನಾನು ಅದ್ದುಚ್ಚನ ಮಗಳ ಅಡಿಗೆಮನೆಯಲ್ಲಿ ನಿಂತು ಅದ್ದುಚ್ಚನ ಸಾರು ಮಾಡಿದೆ. ಒಣಮೆಣಸು, ಕೊತ್ತಂಬರಿ, ಒಳ್ಳೆಮೆಣಸು ಹುರಿದು, ಪ್ಯಾಕೆಟ್ಟಿನ ಕಾಯಿಪುಡಿ ನೆನೆಸಿ ಅರೆದು. ಹುಳಿಗೆ ಅವರು ಹುಣಸೆ ಹಾಕುತ್ತಿರಲಿಲ್ಲ, ಇಲ್ಲಿಯವರು ಮಾಂಸದ ಸಾರಿಗೆ ಹಾಕುವ ಒಣಗಿದ ಕಪ್ಪು ಲಿಂಬೆ ಎರಡು ಒಡೆದು ಹಾಕುತ್ತಿದ್ದರು. ನಫೀಸಾ ಪ್ರತಿಯೊಂದನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಸಾರಮ್ಮ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಉಪ್ಪನ್ನು ಎರಡು ಸಲ ಅಳೆದು ಹಾಕಿದೆ.

ಕುದಿ ಬಂದ ಮೇಲೆ ಮಗಳು ಒಂದು ಬಟ್ಟಲಿನಲ್ಲಿ ಸ್ವಲ್ಪ ಹಾಕಿ ಅಮ್ಮನಿಗೆ ಕೊಟ್ಟಳು. ಸಾರಮ್ಮ ಊದಿ, ಬೆರಳು ಅದ್ದಿ ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ಅವರ ಮುಖದಲ್ಲಿ ಏನು ನಡೆಯುತ್ತಿತ್ತೋ ನಾನು ನೋಡಲು ಹೋಗಲಿಲ್ಲ, ಒಲೆ ಸಣ್ಣ ಮಾಡಿದೆ.

“ಇದು ನನ್ನ ಸಾರು” ಎಂದರು. ಆಮೇಲೆ, “ಹುಳಿ ಮಾತ್ರ ತಪ್ಪಿದೆ. ಅವರು ಒಂದು ಮಾತು ಕೇಳಿದ್ದರೆ ಹೇಳಿಕೊಡ್ತಿದ್ದೆ.”

ಬಟ್ಟಲನ್ನು ನನ್ನ ಮುಂದೆ ಚಾಚಿದರು, ಇನ್ನೂ ಸ್ವಲ್ಪ ಹಾಕು ಎಂದು.